ಸವೆದ ರೋಮನ್ ನಾಣ್ಯವೊಂದರ ಹಿಮ್ಮುಖ

ಚಿತ್ರದುರ್ಗದ ಕಡೆಯ ಹಿರಿಯ ವರ್ತಕರೊಬ್ಬರು ಕೆಲವು ವರ್ಷಗಳ ಹಿಂದೆ ಒಂದು ಬೆಳ್ಳಿಯ ನಾಣ್ಯವನ್ನು ಕಾಗದದಲ್ಲಿ ಸುತ್ತಿ ತಂದು ನನ್ನ ಮುಂದಿರಿಸಿದರು. ಅವರ ತಾತನ ಕಾಲದಿಂದಲೂ ಅದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದ್ದಿತಂತೆ. ಪ್ರತಿ ದೀಪಾವಳಿಯಲ್ಲಿಯೂ ಅದನ್ನು ಹೊರತೆಗೆದು, ವಿಭೂತಿಯಿಂದ ತಿಕ್ಕಿ ಬೆಳಗಿ, ಕುಂಕುಮವಿಟ್ಟು, ಲಕ್ಷ್ಮೀಪೂಜೆಯಲ್ಲಿರಿಸಿ, ಮತ್ತೆ ಪೆಟ್ಟಿಗೆಗೆ ಸೇರಿಸುವುದು ಆ ಮನೆತನದ ವಾಡಿಕೆ. "ಇದರಲ್ಲಿ ಲಕ್ಷ್ಮಿ ಕೂತಿದ್ದಾಳೆ, ಮೇಷ್ಟ್ರೇ, ಕೈಯಲ್ಲಿ ಕಮಲ ಇದೆ. ನಮ್ಮ ಮೊಮ್ಮಗ ಮಾತ್ರ ಇದು ಪರದೇಶದ ದುಡ್ಡು ಅಂತಾನೆ. ತಾವು ನೋಡಿ ಹೇಳಬೇಕು" ಎಂದರು. ಅವರ ಮಾತಿನಲ್ಲಿ ಕುತೂಹಲಕ್ಕಿಂತ ಆತಂಕವೇ ಹೆಚ್ಚಾಗಿತ್ತು. ನೂರು ವರ್ಷ ಪೂಜಿಸಿದ ವಸ್ತು ಯಾವುದೆಂಬುದು ಅವರಿಗೆ ಸಣ್ಣ ಪ್ರಶ್ನೆಯಾಗಿರಲಿಲ್ಲ.

ನಾಣ್ಯವು ಎರಡು ಬದಿಯಲ್ಲಿಯೂ ಬಹಳವಾಗಿ ಸವೆದಿತ್ತು. ಒಂದು ಬದಿಯಲ್ಲಿ ಬಲಕ್ಕೆ ತಿರುಗಿದ ತಲೆಯೊಂದರ ಹೊರರೇಖೆ. ಇನ್ನೊಂದರಲ್ಲಿ ಕುಳಿತಿರುವ ಒಂದು ಆಕೃತಿಯ ನೆರಳು. ನಾಣ್ಯಶಾಸ್ತ್ರದಲ್ಲಿ ಮೊದಲನೆಯದನ್ನು ಮುಮ್ಮುಖವೆಂದೂ ಎರಡನೆಯದನ್ನು ಹಿಮ್ಮುಖವೆಂದೂ ಕರೆಯುವುದು ರೂಢಿ. ಹಿಮ್ಮುಖದ ಆಕೃತಿ ಯಾವುದೆಂದು ನಿರ್ಣಯಿಸುವುದೇ ನನ್ನ ಪಾಲಿಗೆ ಬಂದ ಕೆಲಸ.

ಸವೆದ ಚಿತ್ರವನ್ನು ನೋಡುವವನಿಗೆ ಕಣ್ಣಿಗಿಂತ ಮನಸ್ಸೇ ಮುಂದಾಗಿ ಓಡುವುದೆಂಬುದನ್ನು ಹಸ್ತಪ್ರತಿಗಳನ್ನು ಓದಿದವರು ಬಲ್ಲರು. ತಾಳೆಯ ಗರಿಯಲ್ಲಿ ಹುಳು ತಿಂದ ನಾಲ್ಕಕ್ಷರದ ಜಾಗವನ್ನು ಕಂಡೊಡನೆ ಸಂಪಾದಕನ ನಾಲಿಗೆಯ ಮೇಲೆ ತನಗೆ ಪರಿಚಿತವಾದ ನಾಲ್ಕಕ್ಷರ ತಾನಾಗಿ ಬಂದು ನಿಲ್ಲುತ್ತದೆ. ಅದು ಛಂದಸ್ಸಿಗೂ ಹೊಂದುತ್ತದೆ, ಅರ್ಥಕ್ಕೂ ಒದಗುತ್ತದೆ. ಆದರೆ ಬೇರೊಂದು ಪ್ರತಿ ದೊರೆತಾಗ ಅಲ್ಲಿದ್ದ ಪಾಠವೇ ಬೇರೆಯಾಗಿರುತ್ತದೆ. ಅಂಕಿತ ಅಳಿದ ವಚನವನ್ನು ಶೈಲಿಯೊಂದನ್ನೇ ನೆಚ್ಚಿ ಒಬ್ಬ ಶರಣರ ಹೆಸರಿಗೆ ಬರೆಯುವ ಅವಸರವೂ ಇಂಥದೇ. ನಾಣ್ಯದಲ್ಲಿಯೂ ಅಳಿದುಹೋದ ಭಾಗವನ್ನು ಊಹೆಯಿಂದ ತುಂಬುವುದಕ್ಕೆ ಮುನ್ನ ಅಳಿಯದೆ ಉಳಿದಿರುವುದನ್ನೆಲ್ಲ ಎಣಿಕೆಗೆ ತೆಗೆದುಕೊಳ್ಳಬೇಕು.

ಏನು ಉಳಿಯುತ್ತದೆ? ಅಚ್ಚಿನಲ್ಲಿ ಎತ್ತರವಾಗಿ ಮೂಡಿದುದು ಮೊದಲು ಸವೆಯುತ್ತದೆ. ಕುಳಿತ ಆಕೃತಿಯಾದರೆ ಮುಖ, ಭುಜ, ಮಂಡಿ, ಬಟ್ಟೆಯ ನೆರಿಗೆ ಇವು ಮೊದಲು ಹೋಗುತ್ತವೆ. ಆಕೃತಿಯ ಅಂಚು ಬಯಲಿನೊಡನೆ ಸೇರುವ ಕೋನ ಮಾತ್ರ ಬಹುಕಾಲ ಉಳಿಯುತ್ತದೆ. ಆದಕಾರಣ ಸವೆದ ನಾಣ್ಯದಲ್ಲಿ ಒಳಗಿನ ವಿವರಕ್ಕಿಂತ ಹೊರರೇಖೆ ನಂಬಲರ್ಹವಾದುದು. ಅಕ್ಷರಗಳೂ ಹಾಗೆಯೇ, ಅವುಗಳ ಮೇಲ್ಭಾಗ ಹೋದರೂ ಬುಡ ಉಳಿದಿರುತ್ತದೆ. ಶಾಸನವನ್ನು ನಡುಹಗಲಿನಲ್ಲಿ ಓದಲಾಗದವರು ಸಂಜೆಯ ಓರೆಬಿಸಿಲಿನಲ್ಲಿ ಓದುವಂತೆ, ನಾಣ್ಯವನ್ನೂ ಒಂದೇ ಬದಿಯಿಂದ ತಗ್ಗಾಗಿ ಬರುವ ಬೆಳಕಿನಲ್ಲಿಟ್ಟು ನಿಧಾನವಾಗಿ ತಿರುಗಿಸುತ್ತ ನೋಡಬೇಕು. ಒಂದು ದಿಕ್ಕಿನಿಂದ ಕಾಣದ ಗೆರೆ ಇನ್ನೊಂದು ದಿಕ್ಕಿನಿಂದ ನೆರಳಾಗಿ ಏಳುತ್ತದೆ. ತೆಳುವಾದ ಕಾಗದವನ್ನು ಮೇಲಿಟ್ಟು ಸೀಸದ ಕಡ್ಡಿಯಿಂದ ಹಗುರವಾಗಿ ಉಜ್ಜಿ ಪ್ರತಿ ತೆಗೆಯುವುದೂ ಉಂಟು. ಆದರೆ ನಾಣ್ಯವನ್ನೇ ಉಜ್ಜಬಾರದು. ಹುಣಿಸೆಹಣ್ಣು, ಬೂದಿ, ವಿಭೂತಿ ಯಾವುದಾದರೂ ಸರಿಯೇ, ಪ್ರತಿ ಸಲವೂ ಕೂದಲೆಳೆಯಷ್ಟು ಬೆಳ್ಳಿಯನ್ನು ಒಯ್ಯುತ್ತದೆ. ನಮ್ಮ ವರ್ತಕರ ನಾಣ್ಯದ ಸವೆತದಲ್ಲಿ ಪ್ರಾಚೀನ ವ್ಯಾಪಾರಿಗಳ ಬೆರಳಿನ ಪಾಲೆಷ್ಟೋ, ನೂರು ದೀಪಾವಳಿಗಳ ಪಾಲೆಷ್ಟೋ!

ಮೊದಲು ಲಕ್ಷ್ಮಿಯ ವಿಚಾರ. ಆಕೃತಿಯ ಒಂದು ಕೈಯಲ್ಲಿ ಹೂವಿನಂತೆ ತೋರುವ ವಸ್ತುವೊಂದು ಇರುವುದು ನಿಜ. ಆದರೆ ಭಾರತೀಯ ಶಿಲ್ಪದಲ್ಲಿಯೂ ನಾಣ್ಯದಲ್ಲಿಯೂ ಕುಳಿತ ಲಕ್ಷ್ಮಿಯು ಸಾಮಾನ್ಯವಾಗಿ ನೋಡುವವನಿಗೆ ಎದುರಾಗಿ ಕುಳಿತಿರುತ್ತಾಳೆ. ಪದ್ಮಾಸನವೋ ಪೀಠವೋ ಅವಳ ಎರಡು ಪಕ್ಕಕ್ಕೂ ಸಮನಾಗಿ ಹರಡಿರುತ್ತದೆ. ಇಲ್ಲಿಯ ಹೊರರೇಖೆ ಹಾಗಿಲ್ಲ. ಬೆನ್ನು ಎಡಕ್ಕೆ, ತೊಡೆ ಮತ್ತು ಮಂಡಿ ಬಲಕ್ಕೆ ಚಾಚಿ, ಪಾದಗಳು ಕೆಳಗಿನ ಗೆರೆಯ ಮೇಲೆ ಊರಿವೆ. ಅಂದರೆ ಆಕೃತಿಯು ಕುರ್ಚಿಯ ಮೇಲೆ ಪಕ್ಕಕ್ಕೆ ಮುಖ ಮಾಡಿ ಕುಳಿತಿದೆ. ಕುರ್ಚಿಯ ಕಾಲುಗಳ ಎರಡು ಗೆರೆಗಳೂ ಓರೆಬೆಳಕಿನಲ್ಲಿ ಕಾಣುತ್ತವೆ. ಇದು ಮೆಡಿಟರೇನಿಯನ್ ಪ್ರದೇಶದ ನಾಣ್ಯಗಳ ಕುಳಿತ ಭಂಗಿ.

ಹಾಗೆಂದು ವರ್ತಕರ ಮನೆತನದ ಕಣ್ಣನ್ನು ಹಳಿಯುವಂತಿಲ್ಲ. ಹೊರಗಿನಿಂದ ಬಂದ ದೇವತೆಯನ್ನು ಲಕ್ಷ್ಮಿಯಾಗಿ ಕಾಣುವುದು ಈ ದೇಶದ ನಾಣ್ಯಚರಿತ್ರೆಯಲ್ಲಿಯೇ ನಡೆದುಹೋದ ಸಂಗತಿ. ಕುಷಾಣರ ಚಿನ್ನದ ನಾಣ್ಯಗಳಲ್ಲಿ ಸಿಂಹಾಸನದ ಮೇಲೆ ಕುಳಿತ ಅರ್ದೋಕ್ಷೋ ಎಂಬ ಇರಾನೀ ಮೂಲದ ಸಮೃದ್ಧಿದೇವತೆ ಗುಪ್ತರ ಟಂಕಸಾಲೆಗೆ ಬಂದು, ಕ್ರಮೇಣ ಸಿಂಹಾಸನವನ್ನು ಬಿಟ್ಟು ಕಮಲದ ಮೇಲೆ ಕುಳಿತು, ಲಕ್ಷ್ಮಿಯೇ ಆದಳು. ಆ ನಾಣ್ಯಕ್ಕೆ ಗುಪ್ತರ ಶಾಸನಗಳು ಕೊಡುವ ಹೆಸರು ದೀನಾರ. ಆ ಶಬ್ದವಾದರೋ ಈಗ ನಾವು ವಿಚಾರಿಸುತ್ತಿರುವ ರೋಮನ್ ನಾಣ್ಯದ ಹೆಸರಿನಿಂದಲೇ ಬಂದುದು.

ಆ ಹೆಸರು ಡಿನೇರಿಯಸ್. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದಾಗ ವರ್ತಕರ ನಾಣ್ಯ 3.4 ಗ್ರಾಂ ತೂಗಿತು. ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಯಿಂದ 84 ಡಿನೇರಿಯಸ್‌ಗಳನ್ನು ಅಚ್ಚುಹಾಕುತ್ತಿದ್ದರು. ಎಂದರೆ ಒಂದೊಂದರ ಲೆಕ್ಕದ ತೂಕ 3.9 ಗ್ರಾಂನಷ್ಟು. ಕ್ರಿ.ಶ. 64ರಲ್ಲಿ ನೀರೋ ಅದನ್ನು 96ಕ್ಕೆ ಏರಿಸಿ ತೂಕವನ್ನು 3.4 ಗ್ರಾಂಗೆ ಇಳಿಸಿದನು. ಬೆಳ್ಳಿಯ ಶುದ್ಧತೆಯನ್ನೂ ಕಡಿಮೆ ಮಾಡಿದನು. ಹೀಗಿರಲು ನಮ್ಮ ನಾಣ್ಯದ ತೂಕವು ಎರಡು ಅರ್ಥಗಳಿಗೆ ಎಡೆಗೊಡುತ್ತದೆ. ಅದು ನೀರೋವಿಗಿಂತ ಹಿಂದಿನದಾಗಿದ್ದು ಅರ್ಧ ಗ್ರಾಂನಷ್ಟು ಸವೆದಿರಬಹುದು. ಇಲ್ಲವೆ ನೀರೋವಿನ ಅನಂತರದ್ದಾಗಿರಬಹುದು. ತೂಕವೊಂದರಿಂದಲೇ ತೀರ್ಪು ಹೇಳುವಂತಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದೇ ನಮ್ಮನ್ನು ತೊಡಕಿಗೆ ಸಿಲುಕಿಸುತ್ತದೆ.

ರೋಮನ್ ನಾಣ್ಯ ಚಿತ್ರದುರ್ಗದ ಸೀಮೆಗೆ ಬಂದುದರಲ್ಲಿ ಆಶ್ಚರ್ಯವೇನಿಲ್ಲ. ಅಲ್ಲಿಯ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಅಗಸ್ಟಸ್ ಮತ್ತು ಟೈಬೀರಿಯಸ್‌ರ ಡಿನೇರಿಯಸ್‌ಗಳು ಆ ನೆಲೆಯಿಂದ ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಡಿನೇರಿಯಸ್‌ಗಳ ನಿಧಿಯೂ, ಎಚ್.ಎ.ಎಲ್. ವಿಮಾನನಿಲ್ದಾಣದ ಬಳಿ 1965ರಲ್ಲಿ 256ರ ನಿಧಿಯೂ ಸಿಕ್ಕಿದವು. ದಕ್ಷಿಣ ಭಾರತದ ಇಂಥ ಬೆಳ್ಳಿಯ ನಿಧಿಗಳಲ್ಲಿ ಎರಡೇ ಎರಡು ಬಗೆಯ ಹಿಮ್ಮುಖಗಳು ಮತ್ತೆಲ್ಲವನ್ನೂ ಮುಚ್ಚಿಬಿಡುವಷ್ಟು ಹೇರಳವಾಗಿವೆ. ಮೊದಲನೆಯದು ಅಗಸ್ಟಸ್‌ನದು: ಎದುರಾಗಿ ನಿಂತ ಇಬ್ಬರು ತರುಣರು, ಅವರ ನಡುವೆ ನೆಲಕ್ಕೂರಿದ ಎರಡು ಗುರಾಣಿಗಳು, ಹಿಂದೆ ಈಟಿಗಳು. ಸವೆದಾಗ ಇದು ನಮ್ಮ ದೇವಾಲಯದ ದ್ವಾರಪಾಲಕರ ಜೋಡಿಯಂತೆ ಕಾಣುವುದುಂಟು. ಅವರು ಅಗಸ್ಟಸ್‌ನ ಮೊಮ್ಮಕ್ಕಳೂ ದತ್ತುಪುತ್ರರೂ ಆದ ಗೇಯಸ್ ಮತ್ತು ಲೂಸಿಯಸ್. ಅವರ ತಲೆಯ ಮೇಲ್ಗಡೆ ಪೂಜಾಕಾರ್ಯದ ಹುಟ್ಟು ಒಂದು, ಶಕುನ ನೋಡುವ ಪುರೋಹಿತನ ಡೊಂಕು ಕೋಲು ಒಂದು ಇರುತ್ತವೆ. ಒಬ್ಬನು ಪುರೋಹಿತಮಂಡಲಿಗೂ ಇನ್ನೊಬ್ಬನು ಶಕುನಜ್ಞರ ಮಂಡಲಿಗೂ ಸೇರಿದವರೆಂಬುದರ ಗುರುತು ಅದು. ಅಗಸ್ಟಸ್‌ನಿಗೆ ದೇಶಪಿತನೆಂಬ ಬಿರುದು ಬಂದುದು ಕ್ರಿ.ಪೂ. 2ರಲ್ಲಿ. ಆ ಬಿರುದು ಮುಮ್ಮುಖದಲ್ಲಿರುವುದರಿಂದ ನಾಣ್ಯ ಅದಕ್ಕಿಂತ ಹಿಂದಿನದಲ್ಲ. ಲೂಸಿಯಸ್ ಕ್ರಿ.ಶ. 2ರಲ್ಲಿಯೂ ಗೇಯಸ್ ಕ್ರಿ.ಶ. 4ರಲ್ಲಿಯೂ ತೀರಿಕೊಂಡರು. ಸಿಂಹಾಸನಕ್ಕೆಂದು ಬೆಳೆಸಿದ ಇಬ್ಬರು ಮಕ್ಕಳೂ ಹೋದರು. ಅವರ ಬಿಂಬ ಮಾತ್ರ ಕಾವೇರಿ ಕೃಷ್ಣೆಯರ ನಾಡಿನ ಮಡಕೆಗಳಲ್ಲಿ ಸಾವಿರಾರು ವರ್ಷ ನಿಂತೇ ಇದ್ದಿತು.

ವರ್ತಕರ ನಾಣ್ಯದಲ್ಲಿರುವುದು ಒಂದೇ ಆಕೃತಿ, ಅದೂ ಕುಳಿತಿರುವುದು. ಆದುದರಿಂದ ಈ ಬಗೆಯನ್ನು ಬಿಡಬೇಕು. ರೋಮನ್ ಬೆಳ್ಳಿಯ ಮೇಲೆ ಕುಳಿತ ದೇವತೆಗಳು ಅನೇಕ. ಸೌಹಾರ್ದ, ಆರೋಗ್ಯ, ಅಗ್ನಿಗೃಹದ ವೆಸ್ತಾ, ಭಾಗ್ಯ, ಶಾಂತಿ ಎಲ್ಲರೂ ಒಂದಲ್ಲ ಒಂದು ರಾಜನ ಕಾಲದಲ್ಲಿ ಕುರ್ಚಿ ಹಾಕಿಕೊಂಡವರೇ. ಆದರೆ ಅವರಲ್ಲಿ ಹೆಚ್ಚಿನವರು ಎಡಕ್ಕೆ ಮುಖ ಮಾಡಿರುತ್ತಾರೆ. ನಮ್ಮ ಆಕೃತಿ ಬಲಕ್ಕೆ ಮುಖ ಮಾಡಿದೆ. ಈ ಒಂದು ಅಂಶವೇ ಸಂದೇಹದ ವಲಯವನ್ನು ಬಹಳ ಕಿರಿದುಗೊಳಿಸುತ್ತದೆ. ಹಿಮ್ಮುಖದ ಅಂಚಿನಲ್ಲಿ ಮೂರು ಅಕ್ಷರಗಳ ಬುಡವೂ ಓರೆಬೆಳಕಿಗೆ ಸಿಕ್ಕಿತು. ಗುಣಾಕಾರದ ಗುರುತಿನಂಥ ಒಂದು, ನೆಟ್ಟಗಿನ ಗೆರೆ ಒಂದು, ಆಮೇಲೆ ನಾಲ್ಕು ಓರೆಗೆರೆಗಳ ಒಂದು ಗುಂಪು. ಎಕ್ಸ್, ಐ, ಎಂ ಎಂಬ ಈ ಮೂರು ಅಕ್ಷರಗಳಲ್ಲಿ ಮುಗಿಯುವ ಪ್ರಸಿದ್ಧ ನಾಣ್ಯಲೇಖ 'ಪೊಂಟಿಫ್ ಮ್ಯಾಕ್ಸಿಮ್'. ರೋಮಿನ ಪ್ರಧಾನ ಪುರೋಹಿತನೆಂದು ಅದರ ಅರ್ಥ; ಆ ಪದವಿಯನ್ನು ಚಕ್ರವರ್ತಿಗಳೇ ವಹಿಸುತ್ತಿದ್ದರು. ಬಲಕ್ಕೆ ಮುಖ ಮಾಡಿ ಕುಳಿತು, ಬಲಗೈಯಲ್ಲಿ ನೀಳವಾದ ರಾಜದಂಡವನ್ನೂ ಎಡಗೈಯಲ್ಲಿ ಆಲಿವ್ ಮರದ ರೆಂಬೆಯನ್ನೂ ಹಿಡಿದ ಸ್ತ್ರೀಯ ಎರಡು ಪಕ್ಕಗಳಲ್ಲಿ ಈ ಎರಡು ಪದಗಳಿರುವ ಹಿಮ್ಮುಖವೇ ದಕ್ಷಿಣದ ನಿಧಿಗಳಲ್ಲಿ ಹೇರಳವಾಗಿರುವ ಎರಡನೆಯ ಬಗೆ. ಮನೆತನದವರು ಕಂಡ ಕಮಲವು ಈ ಆಲಿವ್ ರೆಂಬೆ. ಯೇಸುವಿನ ಮುಂದೆ ಕರದ ನಾಣ್ಯವೊಂದನ್ನು ತಂದು ತೋರಿಸಿದ ಸುವಾರ್ತೆಯ ಪ್ರಸಂಗದ ನಾಣ್ಯವೂ ಇದೇ ಎಂದು ಕ್ರೈಸ್ತ ದೇಶಗಳಲ್ಲಿ ಬಹುಕಾಲದಿಂದ ಪ್ರತೀತಿ ಇದೆ.

ಇಷ್ಟಕ್ಕೆ ತೃಪ್ತಿಪಟ್ಟು 'ಟೈಬೀರಿಯಸ್' ಎಂದು ಬರೆದು ಕೈತೊಳೆದುಕೊಳ್ಳುವವರು ಉಂಟು. ನಾನೂ ಮೊದಲು ಹಾಗೆಯೇ ಬರೆದಿದ್ದೆ. ಆದರೆ ಹಿಮ್ಮುಖವೊಂದನ್ನೇ ನೋಡುವವನಿಗೆ ಈ ಚಿತ್ರ ಮೂವರು ಚಕ್ರವರ್ತಿಗಳ ಮನೆಬಾಗಿಲನ್ನು ತೋರಿಸುತ್ತದೆ. ಅಗಸ್ಟಸ್ ತನ್ನ ಆಳ್ವಿಕೆಯ ಕೊನೆಯಲ್ಲಿ, ಕ್ರಿ.ಶ. 13-14ರಲ್ಲಿ, ಇದೇ ಸ್ತ್ರೀಯನ್ನು ಇದೇ ಲೇಖದೊಡನೆ ಅಚ್ಚುಹಾಕಿಸಿದನು. ಟೈಬೀರಿಯಸ್ ಕ್ರಿ.ಶ. 14ರಲ್ಲಿ ಪಟ್ಟಕ್ಕೆ ಬಂದು, 15ರ ಮಾರ್ಚ್ ತಿಂಗಳಲ್ಲಿ ಪ್ರಧಾನ ಪುರೋಹಿತನಾಗಿ, ತಾನು ಸಾಯುವ 37ರವರೆಗೆ ಅದನ್ನೇ ಮುಂದುವರಿಸಿದನು. ಅಲ್ಲಿಂದ ಮೂರುನಾಲ್ಕು ದಶಕಗಳ ಮೇಲೆ ವೆಸ್ಪೇಸಿಯನ್ ಅದೇ ಲೇಖವನ್ನೂ ಅದೇ ಭಂಗಿಯನ್ನೂ ಎತ್ತಿಕೊಂಡು, ಸ್ತ್ರೀಯ ಜಾಗದಲ್ಲಿ ತಾನೇ ರಾಜದಂಡವನ್ನೂ ರೆಂಬೆಯನ್ನೂ ಹಿಡಿದು ಬಲಕ್ಕೆ ಮುಖ ಮಾಡಿ ಕುಳಿತನು! ಹೊಸ ನಾಣ್ಯದಲ್ಲಿ ಹೆಣ್ಣು ಗಂಡಿನ ಭೇದ ಸ್ಪಷ್ಟ. ಮುಖವೂ ಎದೆಯೂ ಬಟ್ಟೆಯ ನೆರಿಗೆಯೂ ಸವೆದುಹೋದ ಮೇಲೆ ಆ ಭೇದವನ್ನು ಹೇಳುವವರಾರು? ವೆಸ್ಪೇಸಿಯನ್ ನೀರೋವಿನ ಅನಂತರದವನು. ಅವನ ನಾಣ್ಯದ ತೂಕ ಮೂರೂಕಾಲು ಗ್ರಾಂನ ಆಸುಪಾಸು. ಮೊದಲೇ ಹೇಳಿದ ತೂಕದ ತೊಡಕು ಇಲ್ಲಿ ಎದುರು ನಿಲ್ಲುತ್ತದೆ. ನಮ್ಮ 3.4 ಗ್ರಾಂ ಬಹಳ ಸವೆದ ಟೈಬೀರಿಯಸ್‌ನಿಗೂ ಸಲ್ಲುತ್ತದೆ, ಕಡಿಮೆ ಸವೆದ ವೆಸ್ಪೇಸಿಯನ್‌ನಿಗೂ ಸಲ್ಲುತ್ತದೆ.

ನೀರೋವಿನ ಸುಧಾರಣೆಯ ಅನಂತರದ ಡಿನೇರಿಯಸ್‌ಗಳು ಭಾರತದಲ್ಲಿ ವಿರಳ, ಆದ್ದರಿಂದ ಇದು ವೆಸ್ಪೇಸಿಯನ್‌ನದಲ್ಲ ಎನ್ನಬಹುದೆ? ವಿರಳವೆಂಬುದು ನಿಜ. ಇಲ್ಲಿಯ ವ್ಯಾಪಾರಿಗಳು ಬೆಳ್ಳಿಯ ಗುಣವನ್ನು ಪರೀಕ್ಷಿಸಿಯೇ ಹಣ ತೆಗೆದುಕೊಳ್ಳುತ್ತಿದ್ದರೆಂದು ಇದರಿಂದ ಊಹಿಸುವವರಿದ್ದಾರೆ. ಆದರೆ ವಿರಳವಾದುದು ಅಸಂಭವವಲ್ಲ. ನೂರರಲ್ಲಿ ತೊಂಬತ್ತೈದು ಪ್ರತಿಗಳಲ್ಲಿ ಒಂದು ಪಾಠವಿದೆಯೆಂದ ಮಾತ್ರಕ್ಕೆ ನಮ್ಮ ಕೈಯಲ್ಲಿರುವ ಪ್ರತಿಯಲ್ಲಿಯೂ ಅದೇ ಇರಬೇಕೆಂಬ ನಿಯಮವಿಲ್ಲ.

ಆದಕಾರಣ ಹಿಮ್ಮುಖದ ಸಮಸ್ಯೆಯನ್ನು ಬಿಡಿಸಲು ಮುಮ್ಮುಖಕ್ಕೆ ಹೋಗಲೇಬೇಕು. ಅಲ್ಲಿಯ ತಲೆಯಲ್ಲಿ ಕೂದಲೂ ಕಿವಿಯೂ ಉಳಿದಿರಲಿಲ್ಲ. ಕತ್ತಿನ ರೇಖೆ ಉಳಿದಿತ್ತು. ವೆಸ್ಪೇಸಿಯನ್‌ನ ಕತ್ತು ಗಿಡ್ಡವೂ ದಪ್ಪವೂ ಆದುದು, ತಲೆ ಚೌಕ, ಗದ್ದ ತುಂಬಿದುದು. ನಾಣ್ಯಗಳಲ್ಲಿ ಅವನು ರೈತಾಪಿ ಯಜಮಾನನಂತೆ ಕಾಣುತ್ತಾನೆ. ನಮ್ಮ ನಾಣ್ಯದ ಕತ್ತು ನೀಳ, ತಲೆ ಸಪೂರ. ಇಷ್ಟರಿಂದಲೇ ನನ್ನ ಮನಸ್ಸು ಟೈಬೀರಿಯಸ್‌ನ ಕಡೆಗೆ ವಾಲಿತು. ವಾಲುವುದು ಬೇರೆ, ನಿಲ್ಲುವುದು ಬೇರೆ. ನಿಲ್ಲಿಸಿದುದು ಅಕ್ಷರ. ತಲೆಯ ಸುತ್ತಿನ ಲೇಖದಲ್ಲಿ ಒಂದೆಡೆ ಐ, ವಿ, ಐ, ಎ ಎಂಬ ನಾಲ್ಕು ಅಕ್ಷರಗಳು ಸಾಲಾಗಿ ಸಿಕ್ಕಿದವು. ಟೈಬೀರಿಯಸ್‌ನ ಬಿರುದು 'ತಿ ಕೈಸರ್ ದಿವಿ ಅವ್ಗ್ ಎಫ್ ಅವ್ಗುಸ್ತುಸ್', ಎಂದರೆ ದೈವತ್ವಕ್ಕೇರಿದ ಅಗಸ್ಟಸ್‌ನ ಮಗ ಟೈಬೀರಿಯಸ್ ಸೀಸರ್ ಅಗಸ್ಟಸ್. ಇದರಲ್ಲಿ 'ದಿವಿ' ಎಂಬುದರ ಕೊನೆಯ ಮೂರು ಅಕ್ಷರಗಳ ಬೆನ್ನಿಗೇ 'ಅವ್ಗ್' ಎಂಬುದರ ಎ ಬರುತ್ತದೆ. ಅಗಸ್ಟಸ್‌ನ ಲೇಖದಲ್ಲಿಯೂ 'ದಿವಿ' ಉಂಟು. ಅವನು ದೈವತ್ವಕ್ಕೇರಿದ ಜೂಲಿಯಸ್ ಸೀಸರನ ಮಗನೆನಿಸಿದವನು. ಆದರೆ ಅಲ್ಲಿ 'ದಿವಿ'ಯ ಬೆನ್ನಿಗೆ ಬರುವುದು ಮಗನೆಂಬರ್ಥದ ಎಫ್ ಅಕ್ಷರ. ವೆಸ್ಪೇಸಿಯನ್ ಯಾವ ದೇವರ ಮಗನೂ ಅಲ್ಲ. ತೆರಿಗೆ ವಸೂಲಿಗಾರನೊಬ್ಬನ ಮಗ. ಅವನ ಲೇಖದಲ್ಲಿ 'ದಿವಿ' ಎಂಬ ಮಾತೇ ಇಲ್ಲ. ಹೀಗೆ ತಂದೆಯ ಹೆಸರನ್ನು ಹೇಳಿಕೊಳ್ಳುವ ನಾಲ್ಕು ಮುರುಕು ಅಕ್ಷರಗಳು ಹಿಂಬದಿಯಲ್ಲಿ ಕುಳಿತಿರುವುದು ಗಂಡಲ್ಲ, ಹೆಣ್ಣೇ ಎಂಬುದನ್ನು ನಿರ್ಧರಿಸಿದವು.

ನಕಲಿನ ಶಂಕೆಯೊಂದು ಉಳಿಯುತ್ತದೆ. ರೋಮನ್ ನಾಣ್ಯಗಳನ್ನು ಈ ದೇಶದಲ್ಲಿಯೇ ಅನುಕರಿಸಿ ಮಾಡಿದ್ದುಂಟು. ತೆಲಂಗಾಣದ ಕೊಂಡಾಪುರದಲ್ಲಿ ಅವುಗಳ ಮಾದರಿಯ ಮಣ್ಣಿನ ಪದಕಗಳೂ ದೊರೆತಿವೆ. ಲ್ಯಾಟಿನ್ ಬಾರದ ಕಮ್ಮಟಗಾರನು ಅಕ್ಷರವನ್ನು ಚಿತ್ರವೆಂದು ನಕಲು ಮಾಡುವಾಗ ಗೆರೆಗಳು ಅಸ್ತವ್ಯಸ್ತವಾಗುತ್ತವೆ. ನಮ್ಮ ನಾಣ್ಯದ ಏಳು ಅಕ್ಷರಗಳೂ ತಮ್ಮ ಕ್ರಮದಲ್ಲಿ, ತಮ್ಮ ಸ್ಥಾನದಲ್ಲಿವೆ. ಒಳಗೆ ತಾಮ್ರವಿಟ್ಟು ಬೆಳ್ಳಿಯ ಹೊದಿಕೆ ಹಾಕಿದ ಖೋಟಾ ನಾಣ್ಯವಾಗಿದ್ದರೆ ಇಷ್ಟು ಉಜ್ಜಿದ ಮೇಲೆ ತಾಮ್ರ ಎಂದೋ ಹಲ್ಲು ಕಿರಿಯುತ್ತಿತ್ತು. ಕುರ್ಚಿಯ ಕಾಲುಗಳು ಸಾದಾ ಇವೆಯೋ ಅಲಂಕೃತವೋ, ಪಾದದ ಕೆಳಗಿನ ಗೆರೆ ಒಂದೋ ಎರಡೋ ಎಂಬುದನ್ನು ಹಿಡಿದು ಟೈಬೀರಿಯಸ್‌ನ ಈ ದೀರ್ಘ ಸರಣಿಯನ್ನು ವಿದ್ವಾಂಸರು ಗುಂಪುಗಳಾಗಿ ವಿಂಗಡಿಸಿದ್ದಾರೆ. ಸದರಲ್ಯಾಂಡ್ ಅವರು 1984ರಲ್ಲಿ ಪರಿಷ್ಕರಿಸಿದ ರೋಮನ್ ಸಾಮ್ರಾಜ್ಯ ನಾಣ್ಯಸೂಚಿಯ ಮೊದಲ ಸಂಪುಟದಲ್ಲಿ ಇವಕ್ಕೆ ಬೇರೆ ಬೇರೆ ಸಂಖ್ಯೆಗಳಿವೆ. ಈ ನಾಣ್ಯದಲ್ಲಿ ಕಾಲುಗಳ ಅಂದ ಅಳಿದಿದೆ. ಆದ್ದರಿಂದ ಆ ಸಂಖ್ಯೆಯನ್ನು ನಾನು ಬರೆಯಲಿಲ್ಲ.

ಆ ಸ್ತ್ರೀ ಯಾರು? ಬಹುಮಂದಿ ಅವಳನ್ನು ಶಾಂತಿದೇವತೆಯ ರೂಪದಲ್ಲಿರುವ ಲಿವಿಯಾ ಎನ್ನುತ್ತಾರೆ. ಲಿವಿಯಾ ಅಗಸ್ಟಸ್‌ನ ಪತ್ನಿ, ಟೈಬೀರಿಯಸ್‌ನ ತಾಯಿ, ಕ್ರಿ.ಶ. 29ರಲ್ಲಿ ತೀರಿಕೊಂಡಳು. ಆಲಿವ್ ರೆಂಬೆ ಶಾಂತಿಯ ಲಾಂಛನವೆಂಬುದು ಸರಿ. ಆದರೆ ನಾಣ್ಯದಲ್ಲಿ ಶಾಂತಿಯ ಹೆಸರೂ ಇಲ್ಲ, ಲಿವಿಯಾಳ ಹೆಸರೂ ಇಲ್ಲ; ಇರುವುದು ಚಕ್ರವರ್ತಿಯ ಪುರೋಹಿತ ಪದವಿ ಮಾತ್ರ. ಸೆನೆಟ್ ಸಭೆಯು ಲಿವಿಯಾಳಿಗೆ ದೇಶಮಾತೆಯೆಂಬ ಬಿರುದನ್ನು ಕೊಡಬಯಸಿದಾಗ ಟೈಬೀರಿಯಸ್ ಹೆಂಗಸರಿಗೆ ಸಲ್ಲುವ ಗೌರವಕ್ಕೆ ಮಿತಿ ಇರಬೇಕೆಂದು ತಡೆದನೆಂದು ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ಅಂಥ ಮಗನು ತಾಯಿಯನ್ನು ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ತನ್ನ ಬೆಳ್ಳಿಯ ಮೇಲೆ ಕೂರಿಸಿದ್ದನೆಂದು ನಂಬಲು ನನಗಂತೂ ಕಷ್ಟ. ಆದರೂ ನೋಡಿದ ಪ್ರಜೆಗಳು ಅವಳಲ್ಲಿ ರಾಜಮಾತೆಯನ್ನು ಕಂಡಿರಬಾರದೆಂದಿಲ್ಲ. ಕಂಡದ್ದನ್ನು ತಮಗೆ ಬೇಕಾದವಳೆಂದು ತಿಳಿಯುವುದು ಚಿತ್ರದುರ್ಗದವರಿಗೆ ಮಾತ್ರ ಬಂದ ವಿದ್ಯೆಯಲ್ಲವಷ್ಟೆ.

ಅಂದಿನ ಭಾರತೀಯರು ಈ ಚಿತ್ರಗಳನ್ನು ಹೇಗೆ ನೋಡಿದರು? 1898ರಲ್ಲಿ ಪುದುಕ್ಕೋಟ್ಟೈಯಲ್ಲಿ ದೊರೆತ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳ ರಾಜಮುಖದ ಮೇಲೆ ಉಳಿಯಿಂದ ಕಚ್ಚುಹಾಕಲಾಗಿದೆ. ಅವರಿಗೆ ಬೇಕಾಗಿದ್ದುದು ಲೋಹವೇ ಹೊರತು ಮುಖವಲ್ಲವೆಂದು ಇದರಿಂದ ತೋರುತ್ತದೆ. ಪ್ಲಿನಿಯ ಗ್ರಂಥದಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗವಿದೆ. ಗಾಳಿಗೆ ಸಿಕ್ಕಿ ಸಿಂಹಳಕ್ಕೆ ಬಂದುಬಿದ್ದ ರೋಮನ್ನನೊಬ್ಬನ ಬಳಿಯ ಡಿನೇರಿಯಸ್‌ಗಳನ್ನು ಅಲ್ಲಿಯ ಅರಸ ಪರೀಕ್ಷಿಸಿದನಂತೆ. ಅವುಗಳ ಮೇಲಿನ ಬಿಂಬಗಳು ಬೇರೆ ಬೇರೆ ಜನರು ಅಚ್ಚುಹಾಕಿಸಿದರೆಂಬುದನ್ನು ತೋರಿಸುತ್ತಿದ್ದರೂ ಎಲ್ಲದರ ತೂಕ ಒಂದೇ ಆಗಿರುವುದನ್ನು ಕಂಡು ರೋಮನ್ನರ ನ್ಯಾಯನಿಷ್ಠೆಗೆ ಮೆಚ್ಚಿದನಂತೆ. ಇದೇ ಪ್ಲಿನಿ ಭಾರತವು ವರ್ಷವರ್ಷವೂ ರೋಮ್ ಸಾಮ್ರಾಜ್ಯದಿಂದ ಐದು ಕೋಟಿ ಸೆಸ್ಟರ್ಸ್ ಹೀರುತ್ತಿದೆಯೆಂದು ಗೊಣಗಿದವನು. ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ಡಿನೇರಿಯಸ್. ಅವನು ಗೊಣಗಿದ ಆ ಹಣದ ಒಂದು ಚೂರು ನನ್ನ ಮೇಜಿನ ಮೇಲಿತ್ತು.

ವರ್ತಕರು ಮತ್ತೆ ಬಂದಾಗ ಒಂದು ಚೀಟಿಯಲ್ಲಿ ಹೀಗೆ ಬರೆದು ಕೊಟ್ಟೆ: "ಬೆಳ್ಳಿಯ ಡಿನೇರಿಯಸ್. ರೋಮಿನ ಟೈಬೀರಿಯಸ್ ಚಕ್ರವರ್ತಿಯದು, ಕ್ರಿ.ಶ. 15ರಿಂದ 37ರ ನಡುವಣದು. ಇಂದಿನ ಫ್ರಾನ್ಸ್ ದೇಶದ ಲಿಯಾನ್ ನಗರದ ಟಂಕಸಾಲೆ. ಹಿಮ್ಮುಖದಲ್ಲಿ ಆಲಿವ್ ರೆಂಬೆ ಹಿಡಿದು ಕುಳಿತ ಸ್ತ್ರೀ, ಹೆಸರು ಬರೆದಿಲ್ಲ." ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಹಾಗಾದರೆ ಹೆಣ್ಣಂತೂ ಹೌದಲ್ಲ?" ಎಂದು ಕೇಳಿದರು. ಹೌದು, ಅದರಲ್ಲಿ ಸಂದೇಹವಿಲ್ಲ ಎಂದೆ. ಇನ್ನು ಮುಂದೆ ಯಾವ ಕಾರಣಕ್ಕೂ ಉಜ್ಜಬೇಡಿರೆಂದೂ ಹೇಳಿದೆ. ನಾಣ್ಯವನ್ನು ಚೀಟಿಯಲ್ಲಿಯೇ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬಾಗಿಲವರೆಗೆ ಹೋದವರು ಅಲ್ಲಿಂದ ತಿರುಗಿ ನಿಂತು, "ಕುಂಕುಮ ಹಚ್ಚಬಹುದೋ, ಮೇಷ್ಟ್ರೇ?" ಎಂದರು.